ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನು ಕಡಲಲ್ಲಿ ಕಡಿಮೆಯಾಗುವುದು ಹೇಗೆ?

ಉಪ್ಪುನೀರು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಒಂದಿದೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ದೊಡ್ಡ ಹೆಣ್ಣು ಕಾಡ್ ಮೀನು ಒಂದೇ ಹಂಗಾಮಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ ಎಂದು ಓದಿದೆ. ಅದೇ ಕಾಡ್, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಎಷ್ಟು ಬರಿದಾಯಿತೆಂದರೆ 1992ರ ಜುಲೈ 2ರಂದು ಅಲ್ಲಿಯ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. 1968ರಲ್ಲಿ ಅದೇ ನೀರಿನಿಂದ ಸುಮಾರು 8 ಲಕ್ಷ ಟನ್ ಎತ್ತಿದ್ದರು. ನಿಲ್ಲಿಸಿದ ಮೇಲೂ ನಾಲ್ಕೈದು ವರ್ಷದಲ್ಲಿ ಮೀನು ತುಂಬಿಕೊಳ್ಳಲಿಲ್ಲ, ದಶಕಗಳೇ ಹೋದವು.

ನನಗೆ ಅರ್ಥವಾಗದೇ ಇರುವುದು ಇದು. ಸಾವಿರ ಹೆಣ್ಣು ಉಳಿದರೂ ಸಾಕಲ್ಲ? ಸಾವಿರ ಸಲ ಹತ್ತು ಲಕ್ಷ ಎಂದರೆ ನೂರು ಕೋಟಿ ಮೊಟ್ಟೆ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಲೆಕ್ಕದಪುಸ್ತಕ:

ಒಳ್ಳೆ ಪ್ರಶ್ನೆ. ಮೊಟ್ಟೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಉಳಿದ ಮೀನಿನಿಂದ ಹಿಂದಕ್ಕೆ ಬನ್ನಿ.

ಒಂದು ಹೆಣ್ಣು ವರ್ಷಕ್ಕೆ 10 ಲಕ್ಷ ಮೊಟ್ಟೆ ಇಟ್ಟು, ಐದು ವರ್ಷ ಇಟ್ಟಿತು ಎಂದುಕೊಳ್ಳೋಣ. ಒಟ್ಟು 50 ಲಕ್ಷ. ಮೀನಿನ ಸಂಖ್ಯೆ ಏರದೆ ಇಳಿಯದೆ ಇದ್ದಷ್ಟೇ ಇರಬೇಕಾದರೆ ಈ 50 ಲಕ್ಷದಲ್ಲಿ ಎಷ್ಟು ದೊಡ್ಡದಾಗಿ ಮೊಟ್ಟೆ ಇಡುವ ಹಂತಕ್ಕೆ ಬರಬೇಕು? ಬರೀ ಎರಡು. ತಾಯಿಯ ಜಾಗಕ್ಕೆ ಒಂದು, ತಂದೆಯ ಜಾಗಕ್ಕೆ ಒಂದು. ಅಂದರೆ 25 ಲಕ್ಷಕ್ಕೆ ಒಂದು ಉಳಿಯುತ್ತದೆ, ಮಿಕ್ಕಿದ್ದೆಲ್ಲ ಸಾಯುತ್ತದೆ. ಕಡಲು ಆರೋಗ್ಯವಾಗಿದ್ದಾಗಲೇ ಇದು ಸ್ಥಿತಿ.

ಆದ್ದರಿಂದ "ಲಕ್ಷ ಮೊಟ್ಟೆ" ಎನ್ನುವುದು ಸಮೃದ್ಧಿಯ ಗುರುತಲ್ಲ. ಸಾವು ಅಷ್ಟು ದೊಡ್ಡದು ಎನ್ನುವುದರ ಗುರುತು. ತಾಯಿ ಮೀನು ಮರಿಗಳ ಹಿಂದೆ ನಿಂತು ಕಾಯುವುದಿಲ್ಲ, ನೀರಿಗೆ ಬಿಟ್ಟು ಹೋಗುತ್ತದೆ. ಮೊಟ್ಟೆ ಒಂದೂವರೆ ಮಿಲಿಮೀಟರ್ ಆಸುಪಾಸು ಇರುತ್ತದೆ. ಒಡೆದು ಬಂದ ಮರಿ ಅಕ್ಕಿಕಾಳಿಗಿಂತ ಚಿಕ್ಕದು. ಅದನ್ನು ತಿನ್ನದ ಜೀವಿ ಆ ನೀರಿನಲ್ಲಿ ಕಡಿಮೆ.

ಉಪ್ಪುನೀರು:

25 ಲಕ್ಷಕ್ಕೆ ಒಂದು! ಈ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ 25 ಲಕ್ಷಕ್ಕೆ ಎರಡು ಉಳಿದ ವರ್ಷ ಮೀನು ದುಪ್ಪಟ್ಟಾಗುತ್ತದೆ, ಅಲ್ವಾ? ಅಂಥ ವರ್ಷ ಬರುವುದೇ ಇಲ್ಲವೇ?

ಲೆಕ್ಕದಪುಸ್ತಕ:

ಬರುತ್ತದೆ! ಮೀನಿನ ಬದುಕು ನಿಂತಿರುವುದೇ ಅಂಥ ವರ್ಷಗಳ ಮೇಲೆ. ನಾರ್ವೆಯ ಮೀನು ವಿಜ್ಞಾನಿ ಯೊಹಾನ್ ಯೋರ್ಟ್ 1914ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಹೆರಿಂಗ್ ಮೀನಿನ ಹುರುಪೆಯಲ್ಲಿ ವಯಸ್ಸು ಓದಿ ನೋಡಿದರೆ, 1904ರಲ್ಲಿ ಹುಟ್ಟಿದ ಮರಿಗಳೇ ಮುಂದಿನ ಎಷ್ಟೋ ವರ್ಷ ಬಲೆ ತುಂಬುತ್ತಿದ್ದವು. ಅದಕ್ಕೆ ಹಿಂದೆ ಮುಂದೆ ಹುಟ್ಟಿದವು ಬೆರಳೆಣಿಕೆ. ಆ ಒಂದು ವರ್ಷದ ಪೀಳಿಗೆ ಇಡೀ ಮೀನುಗಾರಿಕೆಯನ್ನು ಹೊತ್ತುಕೊಂಡಿತ್ತು.

ಕಾರಣ ಏನು ಎಂದು ಯೋರ್ಟ್ ಊಹಿಸಿದ್ದು ಹೀಗೆ. ಮರಿಗೆ ಹುಟ್ಟುವಾಗ ಹೊಟ್ಟೆಯ ಕೆಳಗೆ ಮೊಟ್ಟೆಯ ಹಳದಿ ತುಂಬಿದ ಒಂದು ಚೀಲ ಇರುತ್ತದೆ, ಬುತ್ತಿ ಕಟ್ಟಿಕೊಟ್ಟ ಹಾಗೆ. ಕೆಲವೇ ದಿನದಲ್ಲಿ ಅದು ಮುಗಿಯುತ್ತದೆ. ಮುಗಿದ ಹೊತ್ತಿಗೆ ಬಾಯಿಗೆ ಸಿಗುವ ಗಾತ್ರದ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಎದುರಿಗೆ ಇರಬೇಕು. ಇದ್ದರೆ ಬದುಕು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಆಮೇಲೆ ಡೇವಿಡ್ ಕುಶಿಂಗ್ ಇದನ್ನೇ ಬೆಳೆಸಿ, ಪ್ಲಾಂಕ್ಟನ್ ಉಕ್ಕುವ ಕಾಲಕ್ಕೂ ಮರಿ ಬರುವ ಕಾಲಕ್ಕೂ ತಾಳೆಯಾದ ವರ್ಷ ಪೀಳಿಗೆ ದೊಡ್ಡದು, ತಪ್ಪಿದ ವರ್ಷ ಚಿಕ್ಕದು ಎಂದರು. ಹಸಿವು ಒಂದೇ ಕಾರಣವಲ್ಲ. ಬೇರೆ ಮೀನು ತಿನ್ನುವುದು, ಪ್ರವಾಹ ಎಲ್ಲಿಗೋ ಎಳೆದುಕೊಂಡು ಹೋಗುವುದು, ಎಲ್ಲವೂ ಇದೆ. ಆದರೆ ಕಾಲದ ಮಾತು ತುಂಬಾ ಗಟ್ಟಿ.

ಕಿವಿಕಲ್ಲು:

ತಡವಾಗಿ ಬಂದೆ, ಕ್ಷಮಿಸಿ. ನಾನು ಒಂದು ಮೀನು ಸಂಶೋಧನಾ ಲ್ಯಾಬಿನಲ್ಲಿ ಕೆಲವು ವರ್ಷ ಮೀನಿನ ವಯಸ್ಸು ಓದುವ ಕೆಲಸ ಮಾಡಿದವನು. ಈ ವಿಷಯ ಬಂದರೆ ಸುಮ್ನೆ ಕೂರಲು ಆಗುವುದಿಲ್ಲ. ಲೆಕ್ಕದಪುಸ್ತಕ ಅವರು ಹೇಳಿದ್ದೆಲ್ಲ ಸರಿ, ಆದರೆ ಮೂಲ ಪ್ರಶ್ನೆಗೆ ಉತ್ತರ ಇನ್ನೊಂದು ಹೆಜ್ಜೆ ಮುಂದಿದೆ. ಉಳಿದ ಸಾವಿರ ಹೆಣ್ಣುಗಳ ವಯಸ್ಸು ಎಷ್ಟು? ಕೇಳಬೇಕಾದ್ದು ಅದು. ಸಾವಿರ ಹೆಣ್ಣು ಎಂದು ಎಣಿಸಿಬಿಟ್ಟರೆ ಏನೂ ತಿಳಿಯುವುದಿಲ್ಲ.

ಮೊದಲು ಬೆಳವಣಿಗೆ. ನಮ್ಮ ಹಾಗೆ ಮೀನು ಒಂದು ವಯಸ್ಸಿಗೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಹೆಚ್ಚಿನ ಮೀನು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ವೇಗ ಮಾತ್ರ ಇಳಿಯುತ್ತದೆ. ಇದನ್ನು ಬರೆಯಲು ಎಲ್ಲರೂ ಬಳಸುವ ಸೂತ್ರ ಲುಡ್ವಿಗ್ ಫಾನ್ ಬರ್ಟಲಾನ್‌ಫಿ 1938ರಲ್ಲಿ ಕೊಟ್ಟದ್ದು. ಸುಮ್ನೆ ಲೆಕ್ಕಕ್ಕೆ ಅಂತ, 100 ಸೆಂಟಿಮೀಟರ್ ಹತ್ತಿರ ಹೋಗಬಲ್ಲ ಒಂದು ಮೀನು ತೆಗೆದುಕೊಳ್ಳಿ, ಬೆಳೆಯುವ ವೇಗದ ಅಂಕಿ 0.2 ಇರಲಿ. ಮೊದಲ ವರ್ಷಕ್ಕೆ 18 ಸೆಂಟಿಮೀಟರ್, ಎರಡಕ್ಕೆ 33, ಮೂರಕ್ಕೆ 45, ಐದಕ್ಕೆ 63. ಹತ್ತನೆಯ ವರ್ಷಕ್ಕೆ 86. ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಸೆಂಟಿಮೀಟರ್ ಚಿಲ್ಲರೆ ಅಷ್ಟೆ. ಮೊದಲು ಓಟ, ಆಮೇಲೆ ನಡಿಗೆ, ಕೊನೆಗೆ ತೆವಳುವುದು.

ವೇಗ ಇಳಿಯಲು ದೊಡ್ಡ ಕಾರಣ ಒಂದಿದೆ. ಮೊಟ್ಟೆ ಇಡುವ ವಯಸ್ಸು ಬಂದ ದಿನದಿಂದ ತಿಂದದ್ದು ಎರಡು ಪಾಲಾಗುತ್ತದೆ. ಒಂದು ಮೈಗೆ, ಒಂದು ಮೊಟ್ಟೆಗೆ. ಬೇಗ ಮೊಟ್ಟೆ ಇಟ್ಟರೆ ಮೈ ಚಿಕ್ಕದಾಗಿ ಉಳಿಯುತ್ತದೆ. ತಡ ಮಾಡಿದರೆ ಮೈ ದೊಡ್ಡದಾಗುತ್ತದೆ, ಆದರೆ ಅಷ್ಟರಲ್ಲಿ ಯಾರಾದರೂ ತಿಂದುಬಿಟ್ಟರೆ ಒಂದು ಮೊಟ್ಟೆಯೂ ಇಟ್ಟಂತಾಗಲಿಲ್ಲ. ಪ್ರತಿ ಜಾತಿಯ ಮೀನೂ ಈ ಎರಡರ ನಡುವೆ ತನ್ನದೊಂದು ಜಾಗ ಹಿಡಿದುಕೊಂಡಿದೆ. ಬೂತಾಯಿ ಹುಟ್ಟಿದ ಒಂದು ವರ್ಷದ ಆಸುಪಾಸಿನಲ್ಲೇ ಮೊಟ್ಟೆ ಇಡುತ್ತದೆ, ಎರಡು ಮೂರು ವರ್ಷಕ್ಕೆ ಆಯಸ್ಸೂ ಮುಗಿಯುತ್ತದೆ. ಆಳ ನೀರಿನ ಆರೆಂಜ್ ರಫಿ ಮೊದಲ ಸಲ ಮೊಟ್ಟೆ ಇಡಲು ಸುಮಾರು 25ರಿಂದ 30 ವರ್ಷ ಕಾಯುತ್ತದೆ, ನೂರು ದಾಟಿಯೂ ಬದುಕುತ್ತದೆ.

ಈಗ ತೂಕ ನೋಡಿ. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. 50 ಸೆಂಟಿಮೀಟರ್ ಮೀನು ಒಂದೂಕಾಲು ಕಿಲೋ ಇದ್ದರೆ ಅದೇ ಮೈಕಟ್ಟಿನ 100 ಸೆಂಟಿಮೀಟರ್ ಮೀನು 10 ಕಿಲೋ. ಮೊಟ್ಟೆಚೀಲ ಹಿಡಿಸುವ ಜಾಗವೂ ಹಾಗೇ ಬೆಳೆಯುತ್ತದೆ. ಬಹಳ ಕಾಲ ಎಲ್ಲರೂ ಲೆಕ್ಕ ಹಾಕುತ್ತಿದ್ದದ್ದು ತೂಕಕ್ಕೆ ಸರಿಯಾಗಿ ಮೊಟ್ಟೆ ಎಂದು. ಒಂದು ಟನ್ ಚಿಕ್ಕ ಮೀನೂ ಒಂದು ಟನ್ ದೊಡ್ಡ ಮೀನೂ ಒಂದೇ ಎಂದು. ಅದು ತಪ್ಪು. 2018ರಲ್ಲಿ 342 ಜಾತಿ ಮೀನುಗಳ ಅಂಕಿ ಕೂಡಿಸಿ ನೋಡಿದಾಗ, ಬಹುಪಾಲು ಜಾತಿಗಳಲ್ಲಿ ಮೊಟ್ಟೆ ತೂಕಕ್ಕಿಂತ ಜೋರಾಗಿ ಏರುತ್ತದೆ ಎಂದು ಗೊತ್ತಾಯಿತು. 30 ಕಿಲೋದ ಒಂದೇ ಹೆಣ್ಣು ಕಾಡ್, 2 ಕಿಲೋದ 28 ಹೆಣ್ಣುಗಳಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ. 28 ಹೆಣ್ಣುಗಳ ತೂಕ ಕೂಡಿದರೆ 56 ಕಿಲೋ, ಮರೆಯಬೇಡಿ.

ನನಗೆ ಇದನ್ನು ಮೊದಲ ಸಲ ಓದಿದಾಗ ನಿಜವಾಗಿಯೂ ಹೊಟ್ಟೆ ಉರಿಯಿತು. ನಮ್ಮ ಮೇಜಿನ ಮೇಲೆ ಬಂದುಹೋದ ಅಷ್ಟೂ ಮುದಿ ಹೆಣ್ಣುಗಳು ನೆನಪಾದವು.

ಮರಿಮೀನು:

ಕಿವಿಕಲ್ಲು ಸರ್, ನಾನು ಪದವಿ ವಿದ್ಯಾರ್ಥಿನಿ. ವಯಸ್ಸು ಓದುವುದು ಎಂದರೆ ಹೇಗೆ? ನಿಮ್ಮ ಹೆಸರಿಗೂ ಅದಕ್ಕೂ ಸಂಬಂಧ ಇದೆಯಾ?

ಕಿವಿಕಲ್ಲು:

ಇದೆಯಮ್ಮ, ಅದಕ್ಕೇ ಈ ಹೆಸರು ಇಟ್ಟುಕೊಂಡೆ.

ಮೀನಿನ ತಲೆಯೊಳಗೆ, ಮಿದುಳಿನ ಎರಡೂ ಪಕ್ಕ, ಸುಣ್ಣದ ಪುಟ್ಟ ಕಲ್ಲುಗಳಿವೆ. ಓಟೊಲಿತ್ ಎನ್ನುತ್ತಾರೆ. ಮೂರು ಜೊತೆ ಇರುತ್ತವೆ, ಹೆಚ್ಚಿನ ಮೀನುಗಳಲ್ಲಿ ಸ್ಯಾಜಿಟ್ಟ ಎನ್ನುವ ಜೊತೆ ಎಲ್ಲಕ್ಕಿಂತ ದೊಡ್ಡದು. ಕೇಳುವುದಕ್ಕೂ ಸಮತೋಲಕ್ಕೂ ಮೀನಿಗೆ ಇದು ಬೇಕು. ಮೀನು ಇರುವಷ್ಟು ದಿನ ಕಲ್ಲಿನ ಮೇಲೆ ಪದರದ ಮೇಲೆ ಪದರ ಕೂರುತ್ತದೆ. ಹಸಿವಾದರೆ ಮೈಯ ಕೊಬ್ಬು ಕರಗುತ್ತದೆ, ಹುರುಪೆ ಉದುರಿದರೆ ಹೊಸದು ಬರುತ್ತದೆ, ಆದರೆ ಈ ಕಲ್ಲಿನ ಪದರ ಒಮ್ಮೆ ಕೂತರೆ ಕೂತಿತು. ಮರದ ಬೊಡ್ಡೆಯ ಸುತ್ತು ಎಣಿಸಿದ ಹಾಗೆ ಇದನ್ನೂ ಎಣಿಸಬಹುದು. ಯೋಹಾನೆಸ್ ರೈಬಿಷ್ ಎನ್ನುವವರು 1899ರಲ್ಲಿ ಪ್ಲೇಸ್ ಎನ್ನುವ ಚಪ್ಪಟೆ ಮೀನಿನಲ್ಲಿ ಇದನ್ನು ಮಾಡಿ ತೋರಿಸಿದರು.

ಕಲ್ಲನ್ನು ನಡುವಿಗೆ ಸರಿಯಾಗಿ ಅಡ್ಡ ಮುರಿಯಬೇಕು. ಕಪ್ಪು ತಳದ ಮೇಲಿಟ್ಟು, ಒಂದು ತೊಟ್ಟು ಎಣ್ಣೆ ಬಿಟ್ಟು, ಪಕ್ಕದಿಂದ ಬೆಳಕು ಹಾಯಿಸಬೇಕು. ಬೇಗ ಬೆಳೆದ ಕಾಲದ ಪಟ್ಟಿ ಅಗಲ, ಹಾಲಿನ ಹಾಗೆ ಬೆಳ್ಳಗೆ. ಚಳಿಗಾಲದ ಪಟ್ಟಿ ಸಣ್ಣದು, ಗಾಜಿನ ಹಾಗೆ ಕಪ್ಪಗೆ ಕಾಣುತ್ತದೆ. ಒಂದು ಬಿಳಿ ಒಂದು ಕಪ್ಪು ಸೇರಿದರೆ ಒಂದು ವರ್ಷ. ಕೆಲವು ಜಾತಿಗಳಲ್ಲಿ ಮುರಿದ ಮುಖವನ್ನು ದೀಪದ ಉರಿಗೆ ಹಿಡಿಯುತ್ತಾರೆ, ಆಗ ಚಳಿಗಾಲದ ಗೆರೆ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ನಡುವಿನ ಸುತ್ತುಗಳು ಅಗಲ, ಮೀನು ಓಡಿದ ವರ್ಷಗಳು. ಹೊರಗೆ ಬಂದ ಹಾಗೆ ಒತ್ತೊತ್ತಾಗುತ್ತವೆ, ಮೊಟ್ಟೆ ಇಡಲು ಶುರು ಮಾಡಿದ ಮೇಲಿನ ವರ್ಷಗಳು. ಮೇಲೆ ಬರೆದ ಸೂತ್ರ ಕಲ್ಲಿನಲ್ಲೇ ಕಣ್ಣಿಗೆ ಕಾಣುತ್ತದೆ.

ಸುಲಭ ಅಂತ ಅಂದುಕೊಳ್ಳಬೇಡ. ಸುಳ್ಳು ಗೆರೆಗಳಿರುತ್ತವೆ. ನಡುವೆ ಎಲ್ಲೋ ಊಟ ಸಿಗದ ತಿಂಗಳೂ ಗೆರೆ ಬಿಟ್ಟು ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇಡೀ ಟ್ರೇ ಕಲ್ಲುಗಳನ್ನು ಓದಿ ಬರೆದಿಟ್ಟೆ. ಪಕ್ಕದ ಮೇಜಿನ ಮೇಡಂ ಅದನ್ನೇ ನನ್ನ ಉತ್ತರ ನೋಡದೆ ಓದಿದರು. ನಾನು 9 ಎಂದಲ್ಲಿ ಅವರು 7 ಎಂದಿದ್ದರು, ಎಷ್ಟೋ ಕಲ್ಲುಗಳಲ್ಲಿ ಹಾಗೆ. ನಾನು ಸುಳ್ಳು ಗೆರೆಗಳನ್ನೂ ಸೇರಿಸಿ ಎಣಿಸಿದ್ದೆ. ಇಡೀ ಟ್ರೇ ಮತ್ತೆ ಓದಿದೆ. ಎರಡು ವರ್ಷ ಜಾಸ್ತಿ ಬರೆದರೆ ಏನಾಗುತ್ತದೆ ಗೊತ್ತಾ? ಮೀನು ನಿಧಾನ ಬೆಳೆಯುತ್ತದೆ, ಜಾಸ್ತಿ ಕಾಲ ಬದುಕುತ್ತದೆ ಎಂದು ಲೆಕ್ಕ ಬರುತ್ತದೆ. ಎಷ್ಟು ಹಿಡಿಯಬಹುದು ಎನ್ನುವುದೇ ಬದಲಾಗುತ್ತದೆ.

ಲೆಕ್ಕದಪುಸ್ತಕ:

ಇದಕ್ಕೆ ಒಂದು ಸೇರಿಸುತ್ತೇನೆ. ಗೆರೆ ಎಣಿಸಿದ್ದು ಸರಿಯೋ ಎಂದು ಪರೀಕ್ಷೆ ಮಾಡಲು ಒಂದು ವಿಚಿತ್ರ ಗಡಿಯಾರ ಸಿಕ್ಕಿದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎನ್ನುವ ವಿಕಿರಣಶೀಲ ಇಂಗಾಲ ಏರಿತು. ಅದು ಕಡಲಿಗೆ ಇಳಿಯಿತು, ಆ ವರ್ಷಗಳಲ್ಲಿ ಹುಟ್ಟಿದ ಮೀನುಗಳ ಕಲ್ಲಿನ ನಡುವಿನಲ್ಲಿ ಸೇರಿಕೊಂಡಿತು. ಕಲ್ಲಿನ ತಿರುಳನ್ನು ಕೊರೆದು ಅಳೆದರೆ ಬಾಂಬ್‌ಗಿಂತ ಮುಂಚೆ ಹುಟ್ಟಿದ್ದೋ ಆಮೇಲೋ ಎಂದು ತಿಳಿಯುತ್ತದೆ. ಇನ್ನು ಮೀನಿನ ಕಲ್ಲಿನಲ್ಲಿ ದಿನಕ್ಕೊಂದು ಗೆರೆ ಇದೆ ಎಂದು ಜೋರ್ಜಿಯೊ ಪನ್ನೆಲ್ಲ 1971ರಲ್ಲಿ ತೋರಿಸಿದರು. ಅದರಿಂದ ಒಂದು ಮರಿ ಯಾವ ದಿನ ಹುಟ್ಟಿತು ಎಂದೇ ಹಿಂದಕ್ಕೆ ಎಣಿಸಬಹುದು. ಉಳಿದ ಮರಿಗಳು ಯಾವ ವಾರದಲ್ಲಿ ಹುಟ್ಟಿದವು, ಸತ್ತವು ಯಾವ ವಾರದವು ಎನ್ನುವ ಪ್ರಶ್ನೆಗೆ ದಾರಿಯಾಯಿತು.

ತೆರೆಸಾಲು:

ಎಲ್ಲ ಓದಿದೆ, ಚೆನ್ನಾಗಿದೆ, ಆದರೆ ಒಂದು ತಕರಾರಿದೆ. 30 ಕಿಲೋದ ಕಾಡ್ ಕಡಲಲ್ಲಿ ಎಷ್ಟಿರುತ್ತವೆ? ತುಂಬಾ ಅಪರೂಪ. ಮೀನು ಹಿಡಿಯದೇ ಇದ್ದ ಕಾಲದಲ್ಲೂ ಅಪರೂಪವೇ. ಒಟ್ಟು ಮೊಟ್ಟೆಯ ಬಹುಪಾಲು ಬರುವುದು ನಡುವಯಸ್ಸಿನ ಮೀನುಗಳಿಂದಲೇ ಇರಬೇಕು, ಏಕೆಂದರೆ ಅವುಗಳ ಸಂಖ್ಯೆ ದೊಡ್ಡದು. ಒಂದೊಂದು ಮುದಿ ಹೆಣ್ಣು ಎಷ್ಟು ಇಡುತ್ತದೆ ಎನ್ನುವುದು ಕೇಳಲು ಬೆರಗು, ಆದರೆ ಇಡೀ ಸಮೂಹಕ್ಕೆ ಅದರಿಂದ ಎಷ್ಟು ವ್ಯತ್ಯಾಸ? ಇನ್ನೊಂದು ಮಾತು, ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 90ರ ದಶಕದ ಶುರುವಿನಲ್ಲಿ ನೀರು ವಿಪರೀತ ತಣ್ಣಗಿತ್ತು. ಎಲ್ಲ ತಪ್ಪನ್ನೂ ಬಲೆಯ ಮೇಲೆ ಹಾಕುವುದು ಸರಿಯಲ್ಲ.

ಕಿವಿಕಲ್ಲು:

ತಕರಾರು ನ್ಯಾಯವಾಗಿದೆ, ಗೌರವದಿಂದಲೇ ಉತ್ತರಿಸುತ್ತೇನೆ.

ನೀರು ತಣ್ಣಗಿದ್ದದ್ದು ನಿಜ. ಕಾಡ್ ತಿನ್ನುವ ಕೇಪ್‌ಲಿನ್ ಮೀನೂ ಕುಸಿಯಿತು. ಒಳ್ಳೆಯ ವರ್ಷ ನೋಡಿದ ಸಮೂಹ ಅದನ್ನು ತಡೆದುಕೊಳ್ಳುತ್ತಿತ್ತು, ಆಗಲೇ ಸವೆದಿದ್ದ ಸಮೂಹ ತಡೆದುಕೊಳ್ಳಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಸಂಖ್ಯೆಯ ಮಾತೂ ಸರಿ. ಒಳ್ಳೆಯ ವರ್ಷದಲ್ಲಿ ನಡುವಯಸ್ಸಿನ ಮೀನುಗಳ ಮೊಟ್ಟೆಯೇ ಜಾಸ್ತಿ. ಆದರೆ ಮುದಿ ಹೆಣ್ಣು ಬೇಕಾಗುವುದು ಬರೀ ಎಣಿಕೆಗೆ ಅಲ್ಲ, ಕಾಲಕ್ಕೆ. ಲೆಕ್ಕದಪುಸ್ತಕ ಅವರು ಹೇಳಿದ ಕುಶಿಂಗ್ ಮಾತು ನೆನಪಿಸಿಕೊಳ್ಳಿ. ಪ್ಲಾಂಕ್ಟನ್ ಯಾವ ವಾರ ಉಕ್ಕುತ್ತದೆ ಎಂದು ಮೀನಿಗೆ ಮೊದಲೇ ಗೊತ್ತಿರುವುದಿಲ್ಲ. ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲದ ರೈತ ಇದ್ದ ಬೀಜವನ್ನೆಲ್ಲ ಒಂದೇ ದಿನ ಬಿತ್ತಿದರೆ ಏನಾಗುತ್ತದೆ? ಕಾಡ್ ಹೆಣ್ಣು ಹಾಗೆ ಮಾಡುವುದಿಲ್ಲ. ಮೊಟ್ಟೆಯನ್ನು ಕಂತು ಕಂತಾಗಿ, ಕೆಲವು ದಿನಕ್ಕೊಂದು ಸಲ, ವಾರಗಟ್ಟಲೆ ಬಿಡುತ್ತದೆ. ಮೊಟ್ಟಮೊದಲ ಸಲ ಇಡುವ ಎಳೆಯ ಹೆಣ್ಣಿನ ಕಂತುಗಳು ಕಡಿಮೆ, ಅವಧಿಯೂ ಚಿಕ್ಕದು, ಮೊಟ್ಟೆಯೂ ಸಣ್ಣದು, ಅದರಲ್ಲಿ ಒಡೆದು ಮರಿ ಬರುವ ಪಾಲೂ ಕಡಿಮೆ. ಅನುಭವಸ್ಥ ಹೆಣ್ಣು ಜಾಸ್ತಿ ಕಾಲ ಬಿಡುತ್ತದೆ. ಹೀಗೆ ಬೇರೆ ಬೇರೆ ವಯಸ್ಸಿನ ಹೆಣ್ಣುಗಳಿದ್ದರೆ ಹಂಗಾಮು ಉದ್ದವಾಗುತ್ತದೆ, ಯಾವ ವಾರ ಪ್ಲಾಂಕ್ಟನ್ ಬಂದರೂ ಯಾರದೋ ಮರಿಗಳು ಅಲ್ಲಿ ಬಾಯಿ ತೆರೆದು ಕಾದಿರುತ್ತವೆ. ಬರೀ ಎಳೆಯವು ಉಳಿದ ಸಮೂಹದಲ್ಲಿ ಎಲ್ಲರೂ ಒಂದೇ ಚಿಕ್ಕ ಕಿಂಡಿಯಲ್ಲಿ ಮೊಟ್ಟೆ ಬಿಟ್ಟು ಮುಗಿಸುತ್ತವೆ. ಆ ವಾರ ತಪ್ಪಿತೋ, ವರ್ಷವೇ ಹೋಯಿತು.

ಮರಿಯ ಬುತ್ತಿಯಲ್ಲೂ ವ್ಯತ್ಯಾಸ ಇದೆ. ಅಮೆರಿಕದ ಪಶ್ಚಿಮ ಕರಾವಳಿಯ ಕಪ್ಪು ರಾಕ್‌ಫಿಶ್ ಮೊಟ್ಟೆ ಬಿಡುವುದಿಲ್ಲ, ಜೀವಂತ ಮರಿಗಳನ್ನೇ ಬಿಡುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಸಾದ ತಾಯಿಯ ಮರಿಗಳು ಎಳೆಯ ತಾಯಿಯ ಮರಿಗಳಿಗಿಂತ ಮೂರು ಪಟ್ಟಿಗೂ ಜಾಸ್ತಿ ವೇಗದಲ್ಲಿ ಬೆಳೆದವು, ಹಸಿವನ್ನು ಎರಡು ಪಟ್ಟಿಗೂ ಹೆಚ್ಚು ಕಾಲ ತಡೆದವು. ತಾಯಿ ಕೊಟ್ಟ ಎಣ್ಣೆಯ ಹನಿ ದೊಡ್ಡದಿತ್ತು, ಅಷ್ಟೇ ಗುಟ್ಟು.

ನೀವು ಕೇಳಿದ "ಎಷ್ಟು ವ್ಯತ್ಯಾಸ" ಎನ್ನುವುದಕ್ಕೆ ನನ್ನ ಉತ್ತರ ಇದು. ಒಳ್ಳೆಯ ವರ್ಷಗಳಲ್ಲಿ ಅಷ್ಟೇನೂ ಕಾಣುವುದಿಲ್ಲ. ಸಾಲಾಗಿ ನಾಲ್ಕು ಕೆಟ್ಟ ವರ್ಷ ಬಂದಾಗ ಕಾಣುತ್ತದೆ. ಐದನೆಯ ವರ್ಷ ಚೆನ್ನಾಗಿ ಬಂದಾಗ ಮೊಟ್ಟೆ ಇಡಲು ಯಾರು ಬದುಕಿರುತ್ತಾರೆ?

ತೆರೆಸಾಲು:

ಹಂಗಾಮು ಉದ್ದವಾಗುತ್ತದೆ ಎನ್ನುವುದು ನನಗೆ ಹೊಸದು. ಒಪ್ಪಿದೆ. ನಡುವಯಸ್ಸಿನವೇ ಬೆನ್ನೆಲುಬು ಎನ್ನುವುದನ್ನು ಬಿಟ್ಟುಕೊಡುವುದಿಲ್ಲ, ಆದರೆ ಕೆಟ್ಟ ವರ್ಷಗಳ ಸಾಲಿನ ಮಾತು ಗಟ್ಟಿಯಾಗಿದೆ.

ಮುಳುಗುಗಾರ್ತಿ:

ಗಂಡು ಮೀನುಗಳ ಬಗ್ಗೆ ಯಾರೂ ಮಾತಾಡಲಿಲ್ಲ! ನಾನು ಬಂಡೆ ಹವಳಗಳ ನಡುವೆ ಮುಳುಗುವವಳು, ಅಲ್ಲಿಯ ಮೀನುಗಳಲ್ಲಿ ಕಥೆ ಇನ್ನೂ ಸಿಕ್ಕಲು.

ಗ್ರೂಪರ್ ಜಾತಿಯ ಹಲವು ಮೀನುಗಳು ಹೆಣ್ಣಾಗಿಯೇ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಹಾಗಾದರೆ ದೊಡ್ಡ ಮೀನುಗಳನ್ನೇ ಆರಿಸಿ ಹಿಡಿದರೆ ಯಾರು ಖಾಲಿಯಾಗುತ್ತಾರೆ? ಗಂಡುಗಳು. ಮೆಕ್ಸಿಕೊ ಕೊಲ್ಲಿಯ ಗ್ಯಾಗ್ ಗ್ರೂಪರ್‌ನಲ್ಲಿ 1970ರ ದಶಕದಲ್ಲಿ ನೂರಕ್ಕೆ ಸುಮಾರು 17 ಗಂಡು ಇದ್ದವು, 90ರ ದಶಕಕ್ಕೆ ಒಂದೆರಡಕ್ಕೆ ಇಳಿದಿತ್ತು. ಹೆಣ್ಣುಗಳು ಎಷ್ಟಿದ್ದರೇನು, ಮೊಟ್ಟೆಗೆ ಜೀವ ಕೊಡುವವರು ಬೇಕಲ್ಲ? ಕ್ಲೌನ್‌ಫಿಶ್‌ನಲ್ಲಿ ಇದು ಉಲ್ಟಾ. ಗುಂಪಿನ ದೊಡ್ಡದು ಹೆಣ್ಣು, ಅವಳು ಸತ್ತರೆ ಅವಳ ಜೊತೆಗಿದ್ದ ಗಂಡೇ ಹೆಣ್ಣಾಗುತ್ತದೆ, ಮುಂದಿನ ಚಿಕ್ಕದು ಗಂಡಿನ ಜಾಗಕ್ಕೆ ಬರುತ್ತದೆ.

ಇನ್ನೊಂದು ಕಷ್ಟ ಎಂದರೆ ಕೂಟ. ನಸಾವು ಗ್ರೂಪರ್ ವರ್ಷವಿಡೀ ಒಂಟಿ. ಚಳಿಗಾಲದ ಹುಣ್ಣಿಮೆಯ ಆಸುಪಾಸಿಗೆ ಮಾತ್ರ ದೂರ ದೂರದಿಂದ ಈಜಿ ಬಂದು ಒಂದೇ ಜಾಗದಲ್ಲಿ ಸೇರುತ್ತವೆ, ವರ್ಷ ವರ್ಷ ಅದೇ ಜಾಗ. ಆಗ ಮೈಬಣ್ಣವೇ ಬದಲಾಗುತ್ತದೆ, ಮೇಲೆಲ್ಲ ಕಡುಗಪ್ಪು, ಹೊಟ್ಟೆ ಬೆಳ್ಳಗೆ. ಮುಸ್ಸಂಜೆಗೆ ಒಂದು ಹೆಣ್ಣು ಇದ್ದಕ್ಕಿದ್ದಂತೆ ನೀರಿನಲ್ಲಿ ಮೇಲಕ್ಕೆ ಚಿಮ್ಮುತ್ತದೆ, ಹಿಂದೆಯೇ ಗಂಡುಗಳ ಗುಂಪು, ಮೇಲೆ ಹೋಗಿ ಒಂದೇ ಕ್ಷಣದಲ್ಲಿ ಮೊಟ್ಟೆ ಮತ್ತು ವೀರ್ಯ ಬಿಟ್ಟು ತಿರುಗಿ ಕೆಳಗೆ. ನೀರಿನಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಮೋಡ ಉಳಿಯುತ್ತದೆ. ಈ ಜಾಗ ಬಲೆಯವರಿಗೆ, ಗಾಳದವರಿಗೆ ಗೊತ್ತಾದರೆ ಎರಡು ಮೂರು ಹಂಗಾಮು ಸಾಕು, ಇಡೀ ಸುತ್ತಮುತ್ತಲಿನ ಮೀನು ಮುಗಿಯುತ್ತದೆ. ಕೇಮನ್ ದ್ವೀಪಗಳ ಲಿಟ್ಲ್ ಕೇಮನ್‌ನಲ್ಲಿ 2001ರಲ್ಲಿ ಹಾಗೇ ಒಂದು ಕೂಟ ಸಿಕ್ಕಿ, ಎರಡೇ ಚಳಿಗಾಲದಲ್ಲಿ ಸುಮಾರು 4,000 ಮೀನು ಹಿಡಿದರು. 2003ರಿಂದ ಅಲ್ಲಿ ಕೂಟದ ಕಾಲಕ್ಕೆ ಹಿಡಿಯುವುದನ್ನು ನಿಲ್ಲಿಸಿದರು. ಆಮೇಲೆ ಹದಿನೈದು ವರ್ಷದಲ್ಲಿ ಕೂಟದ ಮೀನು ಮೂರು ಪಟ್ಟಿಗೂ ಜಾಸ್ತಿಯಾಯಿತು. ನನಗೆ ಈ ಸುದ್ದಿ ಓದಿದ ದಿನ ಕಣ್ಣು ತುಂಬಿ ಬಂದಿತ್ತು.

ಉಪ್ಪುನೀರು:

ನಾನು ಒಂದು ಸಾಲಿನ ಉತ್ತರ ಬಯಸಿ ಬಂದವನು, ಈಗ ಎರಡು ದಿನದಿಂದ ಬೇರೇನೂ ಓದುತ್ತಿಲ್ಲ. ಒಂದು ಉಪಪ್ರಶ್ನೆ. ಬಲೆಯ ಕಣ್ಣು ದೊಡ್ಡದಿಟ್ಟು ಚಿಕ್ಕ ಮೀನನ್ನು ಬಿಟ್ಟುಬಿಡಬೇಕು, ದೊಡ್ಡದನ್ನು ಹಿಡಿಯಬೇಕು ಎಂದೇ ನಾವೆಲ್ಲ ಕೇಳಿದ್ದು. "ಒಂದು ಸಲವಾದರೂ ಮೊಟ್ಟೆ ಇಡಲಿ" ಎನ್ನುವುದು ಅದರ ಹಿಂದಿನ ನ್ಯಾಯ. ಹಾಗಾದರೆ ಅದು ತಪ್ಪೇ?

ಲೆಕ್ಕದಪುಸ್ತಕ:

ತಪ್ಪಲ್ಲ, ಅರ್ಧ ಸರಿ. ಮರಿಗಳನ್ನು ಹಿಡಿದರೆ ಯಾವ ಸಮೂಹವೂ ಉಳಿಯುವುದಿಲ್ಲ. ಆದರೆ "ದೊಡ್ಡದೆಲ್ಲ ಹಿಡಿ" ಎನ್ನುವ ಇನ್ನರ್ಧದಲ್ಲಿ ಅಪಾಯ ಇದೆ. ಡೇವಿಡ್ ಕೊನೋವರ್ ಮತ್ತು ಸ್ಟೀಫನ್ ಮಂಚ್ ಇದನ್ನು ತೊಟ್ಟಿಯಲ್ಲಿ ಮಾಡಿ ನೋಡಿದರು, 2002ರಲ್ಲಿ ಪ್ರಕಟವಾಯಿತು. ಅಟ್ಲಾಂಟಿಕ್ ಸಿಲ್ವರ್‌ಸೈಡ್ ಎನ್ನುವ, ವರ್ಷಕ್ಕೆ ಒಂದು ತಲೆಮಾರು ಮುಗಿಸುವ ಪುಟ್ಟ ಮೀನು. ಕೆಲವು ತೊಟ್ಟಿಗಳಲ್ಲಿ ಪ್ರತಿ ತಲೆಮಾರಿನಲ್ಲೂ ನೂರಕ್ಕೆ ದೊಡ್ಡ 90 ಮೀನನ್ನು ತೆಗೆದರು, ಕೆಲವದರಲ್ಲಿ ನೂರಕ್ಕೆ ಚಿಕ್ಕ 90 ಮೀನನ್ನು. ನಾಲ್ಕೇ ತಲೆಮಾರು. ದೊಡ್ಡದನ್ನು ತೆಗೆದ ತೊಟ್ಟಿಯ ಮೀನುಗಳು ಹುಟ್ಟಿನಿಂದಲೇ ನಿಧಾನ ಬೆಳೆಯುವ ಮೀನುಗಳಾಗಿದ್ದವು, ಊಟ ಸಮನಾಗಿ ಕೊಟ್ಟರೂ. ಬೇಗ ಬೆಳೆಯುವ ಗುಣವನ್ನು ನಾವೇ ಆರಿಸಿ ಆರಿಸಿ ತೆಗೆದುಹಾಕಿದ ಹಾಗಾಯಿತು.

ನ್ಯೂಫೌಂಡ್‌ಲ್ಯಾಂಡ್ ಕಾಡ್‌ನಲ್ಲೂ ಕುಸಿತಕ್ಕೆ ಮುಂಚಿನ ವರ್ಷಗಳಲ್ಲೇ ಹೆಣ್ಣುಗಳು ಚಿಕ್ಕ ವಯಸ್ಸಿಗೇ, ಚಿಕ್ಕ ಮೈಯಲ್ಲೇ ಮೊಟ್ಟೆ ಇಡಲು ಶುರು ಮಾಡಿದ್ದವು. ಆ ಬದಲಾವಣೆ ಮುಂಚಿತವಾಗಿ ಬಡಿದ ಗಂಟೆ ಎಂದು 2004ರಲ್ಲಿ ಎಸ್ಬೆನ್ ಓಲ್ಸನ್ ಮತ್ತವರ ಜೊತೆಗಾರರು ಬರೆದರು.

ತೆರೆಸಾಲು:

ಇಲ್ಲಿ ಸ್ವಲ್ಪ ತಡೆಯಿರಿ. ಬೇಗ ಮೊಟ್ಟೆ ಇಡುವುದಕ್ಕೆ ವಂಶಗುಣವೇ ಬದಲಾಗಬೇಕಿಲ್ಲ. ಮೀನು ಕಡಿಮೆಯಾದರೆ ಉಳಿದವಕ್ಕೆ ಊಟ ಜಾಸ್ತಿ ಸಿಗಬಹುದು, ಬೇಗ ಬೆಳೆಯಬಹುದು, ಬೇಗ ಬಲಿಯಬಹುದು. 2021ರಲ್ಲಿ ನಾರ್ವೆಯ 1907ರ ಮತ್ತು ಕೆನಡಾದ 1940ರ ಹಳೆಯ ಕಾಡ್ ಮಾದರಿಗಳ ಡಿಎನ್‌ಎಯನ್ನು ಈಗಿನದರ ಜೊತೆ ಹೋಲಿಸಿ ನೋಡಿದರು. ವಂಶಗುಣದಲ್ಲಿ ದೊಡ್ಡ ನಷ್ಟವಾಗಲಿ ಜೋರಾದ ಬದಲಾವಣೆಯಾಗಲಿ ಸಿಗಲಿಲ್ಲ. ತೊಟ್ಟಿಯಲ್ಲಿ ಆದದ್ದೆಲ್ಲ ಕಡಲಲ್ಲೂ ಹಾಗೇ ಆಗಿದೆ ಎನ್ನಲು ಆಗುವುದಿಲ್ಲ.

ಲೆಕ್ಕದಪುಸ್ತಕ:

ಸರಿಯಾಗಿ ಹೇಳಿದಿರಿ, ನಾನು ಅದನ್ನು ಬರೆಯಬೇಕಿತ್ತು. ಒಂದೇ ಒಂದು ಮಾತು. ಬೆಳೆಯುವ ವೇಗ ನೂರಾರು ಜೀನ್‌ಗಳ ಮೇಲೆ ನಿಂತ ಗುಣ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಸರಿದರೆ ಅದನ್ನು ಹಿಡಿಯುವುದು ಕಷ್ಟ. ಆದರೂ ನೀವು ಹೇಳಿದ ಸುದ್ದಿಯಲ್ಲಿ ನನಗೆ ಸಂತೋಷವೇ ಇದೆ. ದೊಡ್ಡದಾಗಿ ಬೆಳೆಯುವ ಗುಣ ಇನ್ನೂ ಉಳಿದಿದ್ದರೆ ಬಿಟ್ಟರೆ ಬೆಳೆಯುತ್ತವೆ ಎಂದಾಯಿತು.

ಕಿವಿಕಲ್ಲು:

ಇಬ್ಬರೂ ಸರಿ. ಗುಣ ಬದಲಾಗದಿದ್ದರೂ ವಯಸ್ಸು ಮಾತ್ರ ಖಾಲಿಯಾಗುತ್ತದಲ್ಲ? ಹದಿನೈದು ವರ್ಷದ ಹೆಣ್ಣು ಮತ್ತೆ ಬೇಕಾದರೆ ಹದಿನೈದು ವರ್ಷ ಕಾಯಲೇಬೇಕು, ಅದಕ್ಕೆ ಬೇರೆ ದಾರಿಯೇ ಇಲ್ಲ. ಉಪ್ಪುನೀರು ಅವರೇ, ನಿಮ್ಮ ಮೊದಲ ಪ್ರಶ್ನೆಯ "ದಶಕಗಳು" ಹೋದದ್ದು ಇಲ್ಲಿ. ಅಲ್ಲಿ ಕಾಡ್‌ಗೆ ನಿಷೇಧ ತೆಗೆದದ್ದು 2024ರಲ್ಲಿ, ಅದೂ 18,000 ಟನ್‌ಗೆ. 8 ಲಕ್ಷದ ಪಕ್ಕದಲ್ಲಿಟ್ಟು ನೋಡಿ.

ಕೆಲವು ಕಡೆ ಕೆಲವು ಜಾತಿಗಳಿಗೆ ಕೆಳಗೊಂದು ಮೇಲೊಂದು ಮಿತಿ ಇಡುತ್ತಾರೆ. ಇಷ್ಟಕ್ಕಿಂತ ಚಿಕ್ಕದೂ ಬೇಡ, ಇಷ್ಟಕ್ಕಿಂತ ದೊಡ್ಡದೂ ಬೇಡ, ನಡುವಿನದು ಮಾತ್ರ ಹಿಡಿಯಿರಿ ಎಂದು. ಗಾಳಕ್ಕೆ ಅದು ಸರಿಹೋಗುತ್ತದೆ, ಬಿಟ್ಟ ಮೀನು ಬದುಕುತ್ತದೆ. ಆಳದಿಂದ ಎಳೆದ ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಗಾಳಿಚೀಲ ಊದಿ ಒಡೆದಿರುತ್ತದೆ, ಬಿಟ್ಟರೂ ಉಪಯೋಗವಿಲ್ಲ. ಅಲ್ಲಿ ಒಂದಷ್ಟು ಜಾಗವನ್ನೇ ಬಿಟ್ಟುಬಿಡುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಮರಿಮೀನು:

ಇನ್ನೊಂದು ಚಿಕ್ಕ ಪ್ರಶ್ನೆ ಸರ್. ಹೆಣ್ಣು ಪ್ರತಿ ವರ್ಷವೂ ತಪ್ಪದೆ ಮೊಟ್ಟೆ ಇಡುತ್ತದೆಯಾ?

ಕಿವಿಕಲ್ಲು:

ಇಲ್ಲ. ಊಟ ಸಾಲದ ವರ್ಷ ಕಾಡ್ ಮೊಟ್ಟೆ ಇಡುವುದನ್ನೇ ಬಿಟ್ಟುಬಿಡಬಹುದು. ಕೊಬ್ಬು ಕೂಡಿಡುವುದು ಲಿವರ್‌ನಲ್ಲಿ, ಮೊಟ್ಟೆ ಕಟ್ಟುವುದು ಅದರಿಂದ. ಮೀನು ಕೊಯ್ದಾಗ ನಾವು ಉದ್ದ, ತೂಕ, ಲಿವರ್ ತೂಕ, ಮೊಟ್ಟೆಚೀಲದ ತೂಕ ಎಲ್ಲ ಬರೆಯುತ್ತಿದ್ದೆವು. 50 ಸೆಂಟಿಮೀಟರ್ ಮೀನು ಒಂದೂಕಾಲು ಕಿಲೋ ಬದಲು 900 ಗ್ರಾಂ ತೂಗಿದರೆ ಒಳಗೆ ಲಿವರ್ ಹೇಗಿರುತ್ತದೆ ಎಂದು ಕೊಯ್ಯುವ ಮೊದಲೇ ಗೊತ್ತಾಗುತ್ತಿತ್ತು, ತೆಳ್ಳಗೆ, ಕೆಂಪಗೆ. ಚೆನ್ನಾಗಿ ತಿಂದದ್ದರ ಲಿವರ್ ದಪ್ಪ, ಕೆನೆಬಣ್ಣ.

ಮೊಟ್ಟೆಚೀಲ ನೋಡಿದರೂ ತಿಳಿಯುತ್ತದೆ. ಬಲಿಯುವಾಗ ಗಟ್ಟಿಯಾಗಿ ಹಳದಿ ಕೆಂಪು. ಬಿಡುವ ದಿನಕ್ಕೆ ಮೊಟ್ಟೆಗಳು ನೀರು ಹೀರಿಕೊಂಡು ಗಾಜಿನ ಮಣಿಯ ಹಾಗಾಗುತ್ತವೆ, ಹೊಟ್ಟೆ ಮೆಲ್ಲಗೆ ಒತ್ತಿದರೆ ತಾನಾಗಿ ಸುರಿಯುತ್ತವೆ. ಬಿಟ್ಟು ಮುಗಿದ ಮೇಲೆ ಖಾಲಿ ಚೀಲ, ಜೋತುಬಿದ್ದು, ರಕ್ತ ಕಟ್ಟಿದ ಬಣ್ಣ. ಈ ಹಂತಗಳನ್ನು ತಿಂಗಳು ತಿಂಗಳು ಬರೆದರೆ ಹಂಗಾಮು ಯಾವಾಗ ಎಂದು ಸಿಗುತ್ತದೆ. ಅರ್ಧದಷ್ಟು ಹೆಣ್ಣುಗಳು ಬಲಿತಿರುವ ಉದ್ದ ಎಷ್ಟು ಎಂದೂ ಸಿಗುತ್ತದೆ. ಆ ಉದ್ದ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ನಿದ್ದೆ ಬರಬಾರದು.

ಉಪ್ಪುನೀರು:

ನನಗೆ ಕಲ್ಲು ನೋಡಲೇಬೇಕು ಅನ್ನಿಸಿದೆ. ಮನೆಯಲ್ಲೇ ಮಾಡಬಹುದಾ?

ಕಿವಿಕಲ್ಲು:

ಧಾರಾಳವಾಗಿ. ಕ್ರೋಕರ್ ಜಾತಿಯ ಮೀನು ಸಿಕ್ಕರೆ ಒಳ್ಳೆಯದು, ಕಲ್ಲು ದೊಡ್ಡದು. ತಲೆಯ ಮೇಲ್ಭಾಗವನ್ನು ಕಣ್ಣಿನ ಹಿಂದಿನಿಂದ ಅಡ್ಡ ಕೊಯ್ದು, ಮೆಲ್ಲಗೆ ಬಿಡಿಸಿ. ಮಿದುಳಿನ ಹಿಂಭಾಗದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬಿಳಿ ಕಲ್ಲು ಇರುತ್ತದೆ. ಚಿಮಟದಿಂದ ತೆಗೆದು ನೀರಿನಲ್ಲಿ ಉಜ್ಜಿ, ಒಣಗಿಸಿ. ಬೆಚ್ಚಗಿನ ಕಡಲಿನ ಮೀನಾದರೆ ಚಳಿ ಜೋರಿಲ್ಲ, ಗೆರೆ ಮಸುಕಾಗಿರಬಹುದು. ಆತುರ ಬೇಡ, ಒಂದನ್ನು ಮುರಿದು ಇನ್ನೊಂದನ್ನು ಹಾಗೇ ಇಟ್ಟುಕೊಳ್ಳಿ.

ಉಪ್ಪುನೀರು:

ಮಾಡಿದೆ! 31 ಸೆಂಟಿಮೀಟರ್ ಮೀನು. ಮೊದಲ ಕಲ್ಲು ಪುಡಿಯಾಯಿತು, ಒತ್ತಿದ್ದು ಜಾಸ್ತಿಯಾಯಿತು. ಎರಡನೆಯದನ್ನು ಬೆರಳಿನ ಉಗುರಿನ ಮೇಲಿಟ್ಟು ಗೆರೆ ಬಿದ್ದ ಕಡೆ ಮೆಲ್ಲಗೆ ಮುರಿದೆ. ಕಪ್ಪು ಬಟ್ಟೆ, ಒಂದು ತೊಟ್ಟು ಎಣ್ಣೆ, ಪಕ್ಕದಿಂದ ಟಾರ್ಚ್, ಭೂತಗನ್ನಡಿ. ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡು ಒಂದೊಂದಾಗಿ ಎದ್ದು ಬಂದವು ಸರ್, ಮೊದಲನೆಯ ಸುತ್ತು ಅಗಲ, ಎರಡನೆಯದು ಅದಕ್ಕಿಂತ ಸಣ್ಣ, ಮೂರನೆಯದು ಇನ್ನೂ ಸಣ್ಣ. ಮೂರು ಎಂದು ಬರೆದುಕೊಂಡೆ. ಆದರೆ ತೀರಾ ಅಂಚಿನಲ್ಲಿ ಇನ್ನೊಂದು ಕಪ್ಪು ಗೆರೆ ಶುರುವಾದ ಹಾಗಿದೆ. ಅದನ್ನು ಎಣಿಸಬೇಕೋ ಬಿಡಬೇಕೋ?

ಕಿವಿಕಲ್ಲು:

ಮೀನು ಹಿಡಿದದ್ದು ಯಾವ ತಿಂಗಳು?